ಮಕ್ಕಳ ದೂರನ್ನು ಸ್ವೀಕರಿಸಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಕಾಸರಗೋಡು ಜಿಲ್ಲೆ.

ವಿಷಯ: ಪ್ರಾಣಿ ಹಿಂಸೆಯ ವಿರುದ್ಧ ದನಿ ಎತ್ತುತ್ತಿರುವ ಹದಿಹರೆಯದ ಮಕ್ಕಳ ದೂರುಗಳು ಮತ್ತು ಅವರ ಸುರಕ್ಷತೆ.

ಮಾನ್ಯರೇ,

ಈ ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ಅಧ್ಯಾಪಕ ನಾನು. ನಮ್ಮ ಊರಿನ ಏಳೆಂಟು ಮಂದಿ ಮಕ್ಕಳು, ಒಂಬತ್ತನೆಯ ತರಗತಿಯಿಂದ ಪ್ಲಸ್ ಟುವಿನವರೆಗೆ ಓದುತ್ತಿರುವವರು, ಕಳೆದ ಮಳೆಗಾಲದಿಂದ ಪ್ರಾಣಿಗಳ ಮೇಲಿನ ಹಿಂಸೆಯ ಬಗ್ಗೆ ಮಾತನಾಡಲು, ಬರೆಯಲು, ದೂರು ಕೊಡಲು ತೊಡಗಿದ್ದಾರೆ. ಅವರ ಗುಂಪಿಗೆ ಹೆಸರಿಲ್ಲ, ಬ್ಯಾನರಿಲ್ಲ, ರಶೀದಿ ಪುಸ್ತಕವಿಲ್ಲ. ಸಂದೇಹ ಬಂದಾಗ ನನ್ನ ಮನೆಯ ಜಗಲಿಗೆ ಬಂದು ಕಾಯ್ದೆಯ ಪುಟ ತೆರೆದು ಕುಳಿತುಕೊಳ್ಳುತ್ತಾರೆ, ಅಷ್ಟೇ ನನಗೂ ಅವರಿಗೂ ಇರುವ ಸಂಬಂಧ. ಈ ಮಕ್ಕಳನ್ನು ನಮ್ಮ ಕಚೇರಿಗಳೂ ಊರಿನ ಹಿರಿಯರೂ ನಡೆಸಿಕೊಂಡ ರೀತಿಯನ್ನು ಹತ್ತಿರದಿಂದ ಕಂಡ ಮೇಲೆ, ಅವರ ಹೆತ್ತವರ ಒಪ್ಪಿಗೆ ಪಡೆದು ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಇದರಲ್ಲಿನ ಕೆಲವು ಮಾತುಗಳು ಹೆತ್ತವರಿಗೂ ಅಧ್ಯಾಪಕರಿಗೂ ಕೇಳಿಸಬೇಕಾದವು ಆದುದರಿಂದ ಪತ್ರವನ್ನು ಬಹಿರಂಗವಾಗಿಯೇ ಬರೆದಿದ್ದೇನೆ. ಮಕ್ಕಳ, ಠಾಣೆಯ, ಪಂಚಾಯತಿನ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಕಳೆದ ವರ್ಷದ ಕೊನೆಗೆ, ನಮ್ಮ ಪೇಟೆಯ ಬಸ್ ನಿಲ್ದಾಣದ ಹಿಂಬದಿಯಲ್ಲಿ ಒಂದು ಬೆಳಿಗ್ಗೆ ನಾಲ್ಕು ನಾಯಿಗಳು ಬಾಯಲ್ಲಿ ನೊರೆ ಬಂದು ಸತ್ತು ಬಿದ್ದಿದ್ದವು. ಐದನೆಯದು ಇನ್ನೂ ಒದ್ದಾಡುತ್ತಿತ್ತು. ಶಾಲೆಗೆ ಹೊರಟಿದ್ದ ಮೂವರು ಮಕ್ಕಳು ಅದನ್ನು ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಮೃಗಾಸ್ಪತ್ರೆಗೆ ಒಯ್ದರು. ಆಟೋದವರು ಬಾಡಿಗೆ ತೆಗೆದುಕೊಳ್ಳಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ವೈದ್ಯರು ಪ್ರಯತ್ನಪಟ್ಟರೂ ಅದು ಉಳಿಯಲಿಲ್ಲ. ಅದೇ ದಿನ ಸಂಜೆ ಮಕ್ಕಳು ಕನ್ನಡದಲ್ಲಿ ಒಂದೂವರೆ ಪುಟದ ದೂರು ಬರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ನಾಯಿಗಳು ಬಿದ್ದಿದ್ದ ಜಾಗ, ಅಲ್ಲೇ ಸಿಕ್ಕ ಮೀನಿನ ತುಂಡುಗಳಿದ್ದ ಪ್ಲಾಸ್ಟಿಕ್ ತೊಟ್ಟೆ, ಎದುರಿನ ಅಂಗಡಿಗೆ ಸಿಸಿಟಿವಿ ಇರುವ ವಿಷಯ, ಎಲ್ಲವೂ ಆ ದೂರಿನಲ್ಲಿತ್ತು. ಹತ್ತನೆಯ ತರಗತಿಯ ಹುಡುಗಿ ಬರೆದ ಆ ಪುಟಗಳನ್ನು ನಾನು ಓದಿದ್ದೇನೆ. ಕಂಡದ್ದನ್ನು ಬಿಟ್ಟು ಒಂದು ಶಬ್ದ ಹೆಚ್ಚಿಗೆ ಇರಲಿಲ್ಲ. ಠಾಣೆಯಲ್ಲಿ ಸಿಕ್ಕ ಉತ್ತರ ಹೀಗಿತ್ತು: ಮಲಯಾಳದಲ್ಲಿ ಬರೆದು ತನ್ನಿ, ಅಪ್ಪನನ್ನು ಕರೆದುಕೊಂಡು ಬನ್ನಿ, ನಾಯಿ ಸತ್ತದ್ದಕ್ಕೆಲ್ಲ ಕೇಸು ಹಾಕುತ್ತಾ ಕುಳಿತರೆ ನಮಗೆ ಬೇರೆ ಕೆಲಸ ಬೇಡವೇ. ಮೆಟ್ಟಲಿಳಿಯುವಾಗ, ಮೊದಲು ಎಸ್ಸೆಸ್ಸೆಲ್ಸಿ ಪಾಸಾಗುವುದನ್ನು ನೋಡಿ ಎಂಬ ಉಪದೇಶವೂ ದೊರೆಯಿತು. ಅಷ್ಟರಲ್ಲಿ ಪಂಚಾಯತಿನವರು ನಾಯಿಗಳನ್ನು ಹೂಳಿಸಿ ಆಗಿತ್ತು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಹಾಕಿದ್ದು ಯಾವ ವಿಷ, ಹಾಕಿದವರು ಯಾರು ಎಂದು ಇನ್ನು ತಿಳಿಯುವ ದಾರಿ ಉಳಿದಿಲ್ಲ.

ಎರಡನೆಯದು ಕೋಳಿ ಅಂಕದ, ಎಂದರೆ ಹುಂಜಗಳನ್ನು ಕಾದಾಡಿಸುವ ಆಟದ ವಿಚಾರ. ದೈವಗಳ ನೇಮ, ಜಾತ್ರೆಗಳ ಕಾಲದಲ್ಲಿ ನಮ್ಮ ಗಡಿಭಾಗದ ಗುಡ್ಡಗಳ ಮರೆಯಲ್ಲಿ ಅಂಕ ನಡೆಯುವುದು ಹೊಸ ಸಂಗತಿಯೇನಲ್ಲ, ಪೊಲೀಸರು ದಾಳಿ ಮಾಡಿ ಹುಂಜಗಳನ್ನೂ ಹಣವನ್ನೂ ವಶಪಡಿಸಿಕೊಂಡ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಹುಂಜದ ಕಾಲಿಗೆ ಬಾಳು ಎಂಬ ಸಣ್ಣ ಚೂರಿ ಕಟ್ಟಿ ಬಿಡುವ ಈ ಆಟಕ್ಕೆ ತುಳುನಾಡಿನಲ್ಲಿ ಹಳೆಯ ಬೇರುಗಳಿವೆ ಎಂದು ನಾನೂ ಬಲ್ಲೆ. ಆದರೆ ಈಗ ನಡೆಯುವುದರಲ್ಲಿ ಹರಕೆಗಿಂತ ಜೂಜಿನ ಹಣವೇ ದೊಡ್ಡದು ಎಂಬುದನ್ನು ಅಂಕಕ್ಕೆ ಹೋಗುವವರೇ ಒಪ್ಪುತ್ತಾರೆ. ಇತ್ತೀಚೆಗೆ ಅಂಥ ಒಂದು ಅಂಕ ನಡೆಯುತ್ತಿರುವಾಗ, ಪ್ಲಸ್ ವನ್ ಓದುವ ಹುಡುಗಿಯೊಬ್ಬಳು 112ಕ್ಕೆ ಕರೆ ಮಾಡಿ ತನ್ನ ಹೆಸರು ಹೇಳಿ ವಿಷಯ ತಿಳಿಸಿದಳು. ಪೊಲೀಸ್ ವಾಹನ ಬರುವುದರೊಳಗೆ ಗುಡ್ಡ ಖಾಲಿಯಾಗಿತ್ತು. ಮರುದಿನ ಇಬ್ಬರು ಗಂಡಸರು ಅವಳ ಮನೆಯಂಗಳಕ್ಕೆ ಬಂದು, ಕೊಟ್ಟ ನೀರು ಬೆಲ್ಲ ಸ್ವೀಕರಿಸಿ, ಅವಳ ತಂದೆಯೊಡನೆ ಬಹಳ ವಿನಯದಿಂದ ಮಾತನಾಡಿದರು. ಮಗಳು ಚುರುಕಿದ್ದಾಳೆ, ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುವವಳು, ಸ್ವಲ್ಪ ಜಾಗ್ರತೆ ಎಂದು ಹೇಳಿ ಹೋದರು. ಅವಳ ಹೆಸರು ಅವರಿಗೆ ತಿಳಿದದ್ದು ಹೇಗೆ? ಈ ಪ್ರಶ್ನೆಯನ್ನು ತಂದೆ ಠಾಣೆಯಲ್ಲಿ ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಆಮೇಲೆ ಅವಳು ನಡೆದುದನ್ನೆಲ್ಲ ಬರೆದು ಅಂಚೆಯಲ್ಲಿ ಕಳುಹಿಸಿದ ದೂರಿಗೆ ಈವರೆಗೆ ಸ್ವೀಕೃತಿ ಪತ್ರವೂ ಬಂದಿಲ್ಲ.

ಮಾನ್ಯರೇ, ಈ ಮಕ್ಕಳು ಹೊಸ ಕಾನೂನು ಬೇಕೆಂದು ಕೇಳುತ್ತಿಲ್ಲ. ಪ್ರಾಣಿ ಹಿಂಸಾ ತಡೆ ಕಾಯ್ದೆ ಬಂದದ್ದು 1960ರಲ್ಲಿ, ಅವರ ಅಜ್ಜ ಅಜ್ಜಿಯರ ಕಾಲದಲ್ಲಿ. ಅದರ 11ನೆಯ ಸೆಕ್ಷನ್ನಿನಲ್ಲಿ ಪ್ರಾಣಿಯನ್ನು ಕ್ರೂರವಾಗಿ ಕೊಲ್ಲುವುದು ಅಪರಾಧ ಎನ್ನುವಾಗ, ಬೀದಿನಾಯಿಗಳೂ ಸೇರಿದಂತೆ ಎಂದು ಬಿಡಿಸಿಯೇ ಬರೆದಿದೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವ ಜಾಗವನ್ನು ನಡೆಸುವುದು, ಅದರ ವ್ಯವಸ್ಥೆಯಲ್ಲಿ ಪಾಲುಗೊಳ್ಳುವುದು ಅದೇ ಸೆಕ್ಷನ್ನಿನಲ್ಲಿದೆ. 31ನೆಯ ಸೆಕ್ಷನ್ ಇವೆರಡನ್ನೂ ಸಂಜ್ಞೇಯ ಅಪರಾಧಗಳೆಂದು ಹೇಳುತ್ತದೆ, ಎಂದರೆ ಪೊಲೀಸರು ನ್ಯಾಯಾಲಯದ ಅನುಮತಿಗೆ ಕಾಯದೆ ಪ್ರಕರಣ ದಾಖಲಿಸಬೇಕಾದ ಅಪರಾಧಗಳು. ಈ ಕಾಯ್ದೆಯ ದಂಡ ನಗೆಪಾಟಲಿನದು ಎಂಬುದು ಬೇರೆ ಮಾತು: ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ, ಇಬ್ಬರು ಹೋಟೆಲಿಗೆ ಹೋಗಿ ಚಹಾ, ಗೋಳಿಬಜೆ ತಿಂದರೆ ಆಗುವ ಬಿಲ್ಲಿಗೂ ಅದು ಸಾಲದು. ಆದರೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಸೆಕ್ಷನ್, ವಿಷ ಹಾಕುವುದನ್ನೂ ಹೆಸರಿಸಿ, ಪ್ರಾಣಿಯನ್ನು ಕೊಂದು ಅಥವಾ ಊನಗೊಳಿಸಿ ನಷ್ಟ ಉಂಟುಮಾಡಿದವರಿಗೆ ಐದು ವರ್ಷದವರೆಗೆ ಸಜೆ ವಿಧಿಸಲು ಅವಕಾಶ ಕೊಡುತ್ತದೆ. ಸಂಜ್ಞೇಯ ಅಪರಾಧದ ಮಾಹಿತಿ ಕೊಡುವವರಿಗೆ ಇಷ್ಟು ವಯಸ್ಸಾಗಿರಬೇಕು, ಜೊತೆಗೆ ತಂದೆ ಇರಬೇಕು ಎಂದು ಯಾವ ಕಾನೂನೂ ಹೇಳಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಕೇರಳ ರಾಜ್ಯದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎನ್ನುತ್ತದೆ. ಕನ್ನಡ ಶಾಲೆಯಲ್ಲಿ ಓದುವ ಹುಡುಗಿಯನ್ನು ಮಲಯಾಳದಲ್ಲಿ ಬರೆದು ತಾ ಎಂದು ವಾಪಸು ಕಳುಹಿಸುವುದು ಅಸೌಜನ್ಯ ಮಾತ್ರವಾಗಿ ಉಳಿಯುವುದಿಲ್ಲ, ಏಕೆಂದರೆ 1960ರ ಕಾಯ್ದೆಯಲ್ಲಿ ಇನ್ನೊಂದು ಸೆಕ್ಷನ್ ಇದೆ, 36ನೆಯದು. ಅಪರಾಧ ನಡೆದು ಮೂರು ತಿಂಗಳು ಕಳೆದರೆ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. ಇವತ್ತು ಅಪ್ಪ ಬರಲಿ, ನಾಳೆ ಅನುವಾದ ಬರಲಿ, ಪರೀಕ್ಷೆ ಮುಗಿಯಲಿ ಎಂದು ದಿನ ದೂಡುವಾಗ ಮಕ್ಕಳ ದೂರು ಕಾನೂನಿನ ಕಣ್ಣಿನಲ್ಲಿಯೇ ಸತ್ತುಹೋಗುತ್ತದೆ. ಬಸ್ ನಿಲ್ದಾಣದ ನಾಯಿಗಳ ವಿಷಯದಲ್ಲಿ ಆದದ್ದು ಅದೇ.

ನನ್ನ ನಿಜವಾದ ಆತಂಕ ಇನ್ನು ಹೇಳಲಿರುವ ಸಂಗತಿಯ ಬಗ್ಗೆ. ಠಾಣೆಯಲ್ಲಿ ಯಾರೂ ಕುಳ್ಳಿರಿಸಿ ಮಾತನಾಡಿಸದ ಈ ಮಕ್ಕಳನ್ನು ಕುಳ್ಳಿರಿಸಿ ಮಾತನಾಡಿಸಿದವರು ಬೇರೆಯವರು. ಗುಂಪಿನ ಇಬ್ಬರು ಹುಡುಗರಿಗೆ ವಾಟ್ಸಪ್ಪಿನಲ್ಲಿ ಕರೆ ಬಂತು: ದೂರು ಬರೆದು ಏನಾಗುತ್ತದೆ, ಪ್ರಾಣಿಗಳ ಮೇಲೆ ನಿಜವಾದ ಪ್ರೀತಿ ಇದ್ದರೆ ರಾತ್ರಿ ಗಡಿಯ ಒಳರಸ್ತೆಗಳಿಗೆ ಬನ್ನಿ, ಬೈಕು ನಾವು ಕೊಡುತ್ತೇವೆ. ಒಬ್ಬ ನಿರಾಕರಿಸಿದ. ಇನ್ನೊಬ್ಬ, ಹದಿನಾರು ವರ್ಷದವನು, ಮನೆಯಲ್ಲಿ ಟ್ಯೂಷನ್ ಎಂದು ಹೇಳಿ ಹೋದ. ಅಲ್ಲಿ ಪಿಕಪ್ ವಾಹನವೊಂದನ್ನು ತಡೆದು ಚಾಲಕನನ್ನು ಕೆಳಗಿಳಿಸಿ ಮೊದಲು ಕೇಳಿದ್ದು ಹೆಸರು. ಹೊಡೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಿದ್ದು ಹೆಸರು ಕೇಳಿದ ಮೇಲೆ. ವಾಹನದಲ್ಲಿ ಕುತ್ತಿಗೆ ಬಿಗಿದು ನಿಲ್ಲಿಸಿದ್ದ ಎಳೆಗರುವಿಗೆ ಒಂದಿಷ್ಟು ನೀರು ಕೊಡಬೇಕೆಂದು ಅಲ್ಲಿದ್ದ ಒಬ್ಬರಿಗೂ ಅನಿಸಲಿಲ್ಲ ಎಂದು ಆ ಹುಡುಗ ನನ್ನ ಜಗಲಿಯಲ್ಲಿ ಕುಳಿತು ಹೇಳಿದ. ಅವನು ಮತ್ತೆ ಹೋಗಿಲ್ಲ. ಹೋದವರು, ಹೋಗುತ್ತಲೇ ಇರುವವರು, ಅವನ ವಯಸ್ಸಿನವರೇ ಬೇರೆ ಎಷ್ಟು ಮಂದಿ ಇದ್ದಾರೆಂದು ತಾವು ಪೊಲೀಸರಿಂದ ವರದಿ ತರಿಸಿಕೊಳ್ಳಬೇಕು.

ಜಾನುವಾರು ಸಾಗಣೆಗೆ 1978ರಿಂದಲೇ ನಿಯಮಗಳಿವೆ. ಪಶುವೈದ್ಯರ ಪ್ರಮಾಣಪತ್ರ, ದಾರಿಯಲ್ಲಿ ನೀರು ಮೇವು, ನಿಲ್ಲಲು ಸ್ಥಳ ಎಲ್ಲವನ್ನೂ ಅವು ಹೇಳುತ್ತವೆ. ಅದನ್ನು ತಪಾಸಣೆ ಮಾಡಬೇಕಾದವರು ಪೊಲೀಸರು, ಪಶುಸಂಗೋಪನಾ ಇಲಾಖೆಯವರು. ಆ ತಪಾಸಣೆ ಹಗಲಿನಲ್ಲಿ ಕ್ರಮವಾಗಿ ನಡೆದರೆ ರಾತ್ರಿ ದೊಣ್ಣೆ ಹಿಡಿದು ನಿಲ್ಲುವವರಿಗೆ ಹೇಳಿಕೊಳ್ಳಲು ನೆಪ ಉಳಿಯುವುದಿಲ್ಲ, ಹುಡುಗರನ್ನು ಕರೆಯಲು ಮುಖವೂ ಇರುವುದಿಲ್ಲ. ಮೂಕಪ್ರಾಣಿಯ ನೋವನ್ನು ಮನುಷ್ಯರ ಮೇಲಿನ ದ್ವೇಷಕ್ಕೆ ತಿರುಗಿಸುವುದು ಎಷ್ಟು ಸುಲಭ ಎಂಬುದನ್ನು 2020ರಲ್ಲಿ ನಾವೆಲ್ಲ ಕಂಡಿದ್ದೇವೆ. ಸ್ಫೋಟಕ ತುಂಬಿದ ಹಣ್ಣು ಕಚ್ಚಿ ಬಾಯಿ ಛಿದ್ರಗೊಂಡ ಗರ್ಭಿಣಿ ಆನೆ ಆ ವರ್ಷ ಮೇ 27ರಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದು ಪಾಲಕ್ಕಾಡ್ ಜಿಲ್ಲೆಯಲ್ಲಿ. ದೇಶದ ದೊಡ್ಡ ದೊಡ್ಡವರು ಅದನ್ನು ಮಲಪ್ಪುರಂ ಜಿಲ್ಲೆಯ ತಲೆಗೆ ಕಟ್ಟಿ, ಅಲ್ಲಿನ ಜನರ ಧರ್ಮದ ಮೇಲೆ ಮಾತು ಹೊರಳಿಸಿದರು. ಕಾಡುಹಂದಿಗೆ ಸಿಡಿಮದ್ದು ಇಡುವ ಪದ್ಧತಿಯ ಬಗ್ಗೆ ನಡೆಯಬೇಕಿದ್ದ ಚರ್ಚೆ ಆ ಗದ್ದಲದಲ್ಲಿ ಮುಳುಗಿಹೋಯಿತು. ನಮ್ಮ ಮಕ್ಕಳ ಗುಂಪಿನಲ್ಲಿ ಬ್ಯಾರಿ ಮುಸ್ಲಿಮರ ಮನೆಯ ಹುಡುಗನಿದ್ದಾನೆ, ಮೀನುಗಾರ ಮೊಗವೀರರ ಮನೆಯ ಹುಡುಗಿಯಿದ್ದಾಳೆ, ಮೊಟ್ಟೆಯನ್ನೂ ಒಳಗೆ ತರದ ಮನೆಗಳವರೂ ಇದ್ದಾರೆ. ಬುತ್ತಿಯಲ್ಲಿ ಏನಿದೆ ಎಂದು ಯಾರೂ ಯಾರನ್ನೂ ಕೇಳಬಾರದೆಂದು ಅವರು ತಾವಾಗಿಯೇ ನಿಯಮ ಮಾಡಿಕೊಂಡಿದ್ದಾರೆ. ಇಷ್ಟು ವಿವೇಕವನ್ನು ನಾನು ನಮ್ಮ ಅನೇಕ ಹಿರಿಯರ ಸಭೆಗಳಲ್ಲಿ ಕಂಡಿಲ್ಲ. (ಒಬ್ಬಳು ಹಾಲು ಮೊಸರು ಬಿಟ್ಟಿದ್ದಾಳೆ, ಅದಕ್ಕಾಗಿ ಅವಳ ಅಜ್ಜಿ ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ನನ್ನ ಮನೆಯ ಚಹಾಕ್ಕೆ ಈಗಲೂ ಹಾಲು ಹಾಕುತ್ತೇವೆಂದು ಹೇಳಿದರೂ ಅವರು ನಂಬುವುದಿಲ್ಲ.)

ಈ ಮಕ್ಕಳು ಮಾಡಿದ್ದೆಲ್ಲ ಸರಿ ಎಂದು ನಾನು ವಾದಿಸಲಾರೆ. ಪೇಟೆಯ ಕೋಳಿ ಅಂಗಡಿಯೊಂದರಲ್ಲಿ ಕೋಳಿಗಳನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಿಸಿ, ಗೂಡಿನಿಂದ ಗೂಡಿಗೆ ಎಸೆಯುತ್ತಿದ್ದುದನ್ನು ಅವರು ಮೊಬೈಲಿನಲ್ಲಿ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕಿದರು. ಅದರಲ್ಲಿ ಮುಖ ಕಂಡದ್ದು ಅಂಗಡಿಯ ಮಾಲೀಕನದ್ದಲ್ಲ, ದೂರದ ರಾಜ್ಯದಿಂದ ದುಡಿಯಲು ಬಂದ ಹುಡುಗನದ್ದು. ಅವನ ಕೆಲಸ ಹೋಯಿತು. ಅಂಗಡಿಯಲ್ಲಿ ಗೂಡುಗಳು ಹಾಗೆಯೇ ಇವೆ, ಕೋಳಿಗಳನ್ನು ಎಸೆಯುವವನು ಮಾತ್ರ ಬೇರೆ. ನಿಯಮ ಪಾಲಿಸದ ಮಾಲೀಕನ ಮೇಲೆ, ಪರಿಶೀಲಿಸದ ಇಲಾಖೆಯ ಮೇಲೆ ಬೀಳಬೇಕಾದ ಹೊಣೆಯನ್ನು ದಿನಗೂಲಿಯವನ ಮೇಲೆ ಹೊರಿಸಿದ ಈ ಕೆಲಸವನ್ನು ಅವರ ಎದುರಿಗೇ ಖಂಡಿಸಿದ್ದೇನೆ. ಅವರು ಆ ವೀಡಿಯೋ ತೆಗೆದುಹಾಕಿದರು, ಆದರೆ ಅಷ್ಟರಲ್ಲಿ ಅದು ಊರೂರು ಸುತ್ತಿ ಆಗಿತ್ತು. ಸಾಕ್ಷ್ಯವನ್ನು ಯಾರಿಗೆ ಒಪ್ಪಿಸಬೇಕೆಂದು ಗೊತ್ತಿದ್ದರೆ, ಒಪ್ಪಿಸಿದ್ದನ್ನು ತೆಗೆದುಕೊಳ್ಳುವ ಒಂದು ಕೈ ಎದುರಿಗಿದ್ದರೆ, ಮಕ್ಕಳು ಫೋನಿನ ಮೊರೆಹೋಗುತ್ತಿರಲಿಲ್ಲ.

ಇನ್ನೂ ಗಂಭೀರವಾದುದು ಪ್ರಾಣದ ಪ್ರಶ್ನೆ. ಗುಂಪಿನ ಅತ್ಯಂತ ಕಿರಿಯ ಹುಡುಗ, ಚರಂಡಿಯಲ್ಲಿ ಸಿಕ್ಕಿಹಾಕಿಕೊಂಡ ಮರಿಯನ್ನು ಎತ್ತುವಾಗ ತಾಯಿನಾಯಿ ಅವನ ಮೊಣಕೈಗೆ ಹಲ್ಲು ತಾಗಿಸಿತು. ಮನೆಯಲ್ಲಿ ತಿಳಿದರೆ ಗುಂಪಿಗೆ ಬಿಡುವುದಿಲ್ಲವೆಂದು ಅವನು ಅದನ್ನು ಉದ್ದ ತೋಳಿನ ಅಂಗಿಯಲ್ಲಿ ಮುಚ್ಚಿಕೊಂಡು ತಿರುಗಿದ. ಗೆಳೆಯನೊಬ್ಬ ಹೇಳಿದ್ದರಿಂದ ವಿಷಯ ಹೊರಬಂದು, ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಆರಂಭಿಸಿದೆವು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಚಿಕಿತ್ಸೆಯಿಲ್ಲ ಎಂಬುದು ಜೀವಶಾಸ್ತ್ರ ಕಲಿಸಿದ ನನಗೆ ಗೊತ್ತು, ಪಾಠ ಓದಿದ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟ, ಏಕೆಂದರೆ ದೊಡ್ಡವರ ಗದರಿಕೆಯ ಹೆದರಿಕೆ ರೋಗದ ಹೆದರಿಕೆಗಿಂತ ಹತ್ತಿರದಲ್ಲಿತ್ತು. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಲಸಿಕೆಯ ಎಲ್ಲ ಡೋಸುಗಳನ್ನೂ ಹೇಳಿದ ದಿನಗಳಲ್ಲಿ ತಪ್ಪದೆ ತೆಗೆದುಕೊಳ್ಳಬೇಕು, ಆಳವಾದ ಗಾಯಕ್ಕೆ ಇಮ್ಯುನೋಗ್ಲೋಬುಲಿನ್ ಕೂಡ ಬೇಕು ಎಂಬುದನ್ನು ಮಕ್ಕಳಿಗೆ ಹೇಳಿಕೊಡುವುದರ ಜೊತೆಗೆ, ಕಚ್ಚಿದ್ದನ್ನು ಹೇಳಿದರೆ ಮನೆಯಲ್ಲಿ ಪೆಟ್ಟು ಬೀಳುವುದಿಲ್ಲ ಎಂಬ ಧೈರ್ಯವನ್ನೂ ಕೊಡಬೇಕಾಗಿದೆ.

ಬೀದಿನಾಯಿಗಳ ಪರವಾಗಿ ಮಾತನಾಡುವ ಮಕ್ಕಳ ಮೇಲೆ ಊರಿನವರಿಗೆ ಸಿಟ್ಟಿರುವುದು ಸುಳ್ಳಲ್ಲ, ಆ ಸಿಟ್ಟಿಗೆ ಕಾರಣವೂ ಇದೆ. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಮುಳಪ್ಪಿಲಂಗಾಡಿನಲ್ಲಿ 2023ರ ಜೂನಿನಲ್ಲಿ, ಮಾತು ಬಾರದ 11 ವರ್ಷದ ಬಾಲಕನನ್ನು ನಾಯಿಗಳು ಕಚ್ಚಿ ಕೊಂದವು. ಕೂಗಿ ಕರೆಯಲೂ ಆಗದ ಆ ಮಗುವಿನ ಸಾವನ್ನು ಕೇಳಿದ ಯಾವ ತಾಯಿಗೆ ನಾಯಿಗಳ ಮೇಲೆ ಕನಿಕರ ಬರಲು ಸಾಧ್ಯ? ಮಕ್ಕಳಿಗೆ ನಾನು ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದ ಪ್ರಶ್ನೆಗೆ ಉತ್ತರ ತಮ್ಮ ಬಳಿಯಲ್ಲಿರಬೇಕು. ನಾಯಿಗಳ ಸಂಖ್ಯೆ ಇಷ್ಟು ಬೆಳೆಯುವಂತೆ ಬಿಟ್ಟವರು ಯಾರು? 2001ರ ನಿಯಮಗಳ ಕಾಲದಿಂದಲೂ, ಅವುಗಳ ಜಾಗದಲ್ಲಿ 2023ರಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿಯೂ, ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮಾಡಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದೇ. ನಮ್ಮ ರಾಜ್ಯದಲ್ಲಿ ಅನೇಕ ಕಡೆ ಆ ಕೆಲಸ ಮಾಡುತ್ತಿದ್ದ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಟನೆಯ ಘಟಕಗಳಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇಲ್ಲವೆಂದು 2021ರ ಕೊನೆಗೆ ಹೈಕೋರ್ಟ್ ತಡೆದ ಮೇಲೆ, ಅದರ ಬದಲಿ ವ್ಯವಸ್ಥೆ ಸಕಾಲದಲ್ಲಿ ಬರಲಿಲ್ಲ. ಅನ್ನ ಹಾಕುವ ಜಾಗಗಳನ್ನು ಗುರುತಿಸಿ ಕೊಡಬೇಕೆಂದು 2023ರ ನಿಯಮಗಳೇ ಹೇಳುತ್ತವೆ. ನಮ್ಮ ಪಂಚಾಯತಿನಲ್ಲಿ ಅಂಥ ಒಂದು ಜಾಗವೂ ಗುರುತಾಗಿಲ್ಲ, ಆದರೆ ಶಾಲೆಯ ಗೇಟಿನ ಬಳಿ ಉಳಿದ ಅನ್ನ ಹಾಕಿದ ಹುಡುಗಿಗೆ ಪಿಟಿಎ ಸಭೆಯಲ್ಲಿ ಛೀಮಾರಿಯಾಯಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹಿಡಿದು, ಚಿಕಿತ್ಸೆ ಲಸಿಕೆಗಳ ನಂತರ ಆಶ್ರಯತಾಣಗಳಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಗೇಟಿನ ಬಳಿ ಅನ್ನ ಹಾಕುವುದು ಇನ್ನು ಸಲ್ಲದು ಎಂದು ಮಕ್ಕಳು ಒಪ್ಪಿದ್ದಾರೆ. ಆಶ್ರಯತಾಣ ಎಲ್ಲಿದೆ ಎಂದು ಮಾತ್ರ ಅವರು ಕೇಳುತ್ತಾರೆ. ಮೀನಿನ ತುಂಡಿನಲ್ಲಿ ವಿಷ ಸೇರಿಸಿ ಇಡುವುದನ್ನು ಯಾವ ನ್ಯಾಯಾಲಯವೂ ಹೇಳಿಲ್ಲವಲ್ಲ.

ಪ್ರಾಣಿಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಓದುವ ಮಕ್ಕಳಿಗೆ ಯಾಕೆ, ಮನುಷ್ಯರ ಕಷ್ಟಗಳೇ ಇಷ್ಟಿವೆಯಲ್ಲ ಎನ್ನುವವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ ಎಂಬುದು ನನಗೆ ಆಶ್ಚರ್ಯದ ವಿಷಯ. ಎಣ್ಮಕಜೆಯ ಗುಡ್ಡಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲು ತೊಡಗಿದ ಕಾಲದಲ್ಲಿ ಅಪಾಯವನ್ನು ಮೊದಲು ತೋರಿಸಿಕೊಟ್ಟದ್ದು ಪ್ರಾಣಿಗಳು. ಪಡ್ರೆ ಗ್ರಾಮದಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದುದನ್ನು ಗಮನಿಸಿ, ಸಿಂಪರಣೆಗೂ ಅದಕ್ಕೂ ನಂಟಿರಬಹುದೆಂದು ಆ ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಬರೆದಾಗ ಯಾವ ಅಧಿಕಾರಿಯೂ ಕಿವಿಗೊಡಲಿಲ್ಲ. ಜೇನುನೊಣ, ಮೀನು, ಕಪ್ಪೆಗಳು ಇಲ್ಲವಾದುದನ್ನು ಹೇಳಿದವರನ್ನೂ ಕೇಳಲಿಲ್ಲ. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ಮೋಹನ ಕುಮಾರ್ ಅವರು ಮನುಷ್ಯರಲ್ಲಿ ಕಂಡ ಕಾಯಿಲೆಗಳನ್ನು ಬರೆಯತೊಡಗುವ ಹೊತ್ತಿಗೆ ಹಲವು ವರ್ಷಗಳು ಸಂದಿದ್ದವು. ಸಿಂಪರಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಿನಲ್ಲಿ. ಕರುವಿನ ಕಾಲನ್ನು ನೋಡಿ ಪ್ರಶ್ನೆ ಕೇಳಿದವನ ಮಾತಿಗೆ ಆ ಮೊದಲ ವರ್ಷಗಳಲ್ಲೇ ಬೆಲೆ ಕೊಟ್ಟಿದ್ದರೆ ಇಂದು ಹಾಸಿಗೆಯಲ್ಲೇ ಇರುವ ಎಷ್ಟು ಮಕ್ಕಳು ಶಾಲೆಗೆ ನಡೆದು ಹೋಗುತ್ತಿದ್ದರೋ. ಇದೇ ಜಿಲ್ಲೆಯಲ್ಲಿ, 2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ ತೀರಿಕೊಂಡಾಗ ಜಾತಿ ಮತ ನೋಡದೆ ಜನ ಸೇರಿ ಅಂತಿಮ ದರ್ಶನ ಪಡೆದರು, ಮಂತ್ರಿಗಳೂ ಸಂತಾಪ ಸೂಚಿಸಿದರು. ಒಂದು ಮೊಸಳೆಗೆ ಅಷ್ಟು ಗೌರವ ಕೊಡಬಲ್ಲ ಊರಿನಲ್ಲಿ ನಾಯಿಗೋ ಕೋಳಿಗೋ ನೋವಾಗುತ್ತದೆ ಎಂದ ಮಕ್ಕಳನ್ನು ಹುಚ್ಚರೆಂದು ನಗುವುದು ನನಗೆ ಅರ್ಥವಾಗದ ಸಂಗತಿ. ಜೀವಿಗಳ ಮೇಲೆ ಅನುಕಂಪ ಇರಬೇಕು ಎಂಬುದು ಸಂವಿಧಾನದ 51ಎ ವಿಧಿಯಲ್ಲಿ ಹೇಳಿದ ನಾಗರಿಕ ಕರ್ತವ್ಯಗಳಲ್ಲಿ ಒಂದು. ಶಾಲೆಯ ಪಾಠಪುಸ್ತಕಗಳಲ್ಲಿ ಅದನ್ನು ಅಚ್ಚುಹಾಕಿ ಕೊಟ್ಟವರು ನಾವೇ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಎಲ್ಲ ಠಾಣೆಗಳಿಗೂ ಪಂಚಾಯತುಗಳಿಗೂ ಸ್ಪಷ್ಟವಾದ ಸುತ್ತೋಲೆಯೊಂದು ಹೋಗಬೇಕು: ಪ್ರಾಣಿ ಹಿಂಸೆಯ ದೂರು ಹದಿನೆಂಟು ತುಂಬದವರಿಂದ ಬಂದರೂ, ಕನ್ನಡದಲ್ಲಿ ಬಂದರೂ ಅದನ್ನು ಅಂದೇ ಸ್ವೀಕರಿಸಿ, ಸ್ವೀಕೃತಿ ಕೊಟ್ಟು, ಸಂಜ್ಞೇಯವಾದರೆ ಪ್ರಕರಣ ದಾಖಲಿಸಬೇಕು. ಅನುವಾದ ಬೇಕಿದ್ದರೆ ಮಾಡಿಸಿಕೊಳ್ಳುವುದು ಕಚೇರಿಯ ಹೊಣೆ. ಸಂಶಯಾಸ್ಪದವಾಗಿ ಸತ್ತ ಪ್ರಾಣಿಯನ್ನು ಪಶುವೈದ್ಯರು ನೋಡುವ ಮೊದಲು ಹೂಳಕೂಡದು. ದೂರು ಕೊಟ್ಟ ಮಗುವಿನ ಹೆಸರು, ಫೋನು, ಮನೆ, ಶಾಲೆ ಯಾವ ಕಾರಣಕ್ಕೂ ಹೊರಗೆ ಹೋಗಬಾರದು; ಹೋದರೆ ಆ ಸಿಬ್ಬಂದಿಯ ಮೇಲೆ ಕ್ರಮ ಆಗಬೇಕು. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಬಗೆಯುತ್ತೇನೆ, ಏಕೆಂದರೆ ಒಬ್ಬಳು ಹುಡುಗಿ ಈಗ ಬಸ್ಸಿಗೆ ಅಣ್ಣನ ಜೊತೆಯಲ್ಲದೆ ಹೋಗುತ್ತಿಲ್ಲ.

ಪ್ರತಿ ಜಿಲ್ಲೆಗೂ ಪ್ರಾಣಿ ಹಿಂಸಾ ತಡೆ ಸಂಘ ಇರಬೇಕು, ಅದಕ್ಕೆ ಚಿಕಿತ್ಸಾಲಯಕ್ಕೂ ಆಶ್ರಯತಾಣಕ್ಕೂ ಜಾಗ ಒದಗಿಸಬೇಕು ಎಂದು 2001ರ ಕೇಂದ್ರ ನಿಯಮಗಳು ಹೇಳುತ್ತವೆ. ನಮ್ಮ ಜಿಲ್ಲೆಯ ಸಂಘದಲ್ಲಿ ಯಾರಿದ್ದಾರೆ, ಯಾವಾಗ ಸೇರುತ್ತಾರೆ, ತುರ್ತಿಗೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಎರಡೂ ಭಾಷೆಗಳಲ್ಲಿ ಪ್ರತಿ ಶಾಲೆಯ, ಮೃಗಾಸ್ಪತ್ರೆಯ ಸೂಚನಾ ಫಲಕದಲ್ಲಿ ಹಾಕಿಸಿರಿ. ಗಾಯಗೊಂಡ ನಾಯಿಯನ್ನು ಎತ್ತುವವರು, ಅಂಕದ ಜಾಗಕ್ಕೆ ಹೋಗುವವರು ತರಬೇತಿ ಮತ್ತು ಅಧಿಕಾರ ಇರುವ ವಯಸ್ಕರಾಗಿರಲಿ. ಕಂಡದ್ದನ್ನು ತಿಳಿಸುವಷ್ಟು ಮಾತ್ರ ಮಕ್ಕಳ ಕೆಲಸವಾಗಲಿ. ಸಂಘದ ಸಭೆಗೆ ಒಂದಿಬ್ಬರು ವಿದ್ಯಾರ್ಥಿಗಳನ್ನು ಆಹ್ವಾನಿತರಾಗಿ ಕರೆಯಲು ಸಾಧ್ಯವೇ ಎಂದು ಪರಿಶೀಲಿಸಬೇಕು. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯ ಕೇಳಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲೇ ಒಪ್ಪಿಗೆ ನೀಡಿದೆ, ನಮ್ಮ ರಾಜ್ಯದಲ್ಲಿ ಕುಟುಂಬಶ್ರೀಯ ಬಾಲಸಭೆಗಳೂ ಇವೆ. ಅವುಗಳಲ್ಲಿ ಹಾಡು ಭಾಷಣಗಳ ಜೊತೆಗೆ ಇಂಥ ವಿಷಯಗಳೂ ಬರಬೇಕು. ರಾತ್ರಿ ವಾಹನ ತಡೆಯುವ ಕೆಲಸಕ್ಕೆ ಹದಿನೆಂಟರ ಒಳಗಿನವರನ್ನು ಕರೆದೊಯ್ಯುವ ದೊಡ್ಡವರನ್ನು ಗುರುತಿಸಿ ಅವರ ಮೇಲೆ ಪ್ರಕರಣ ಹೂಡಬೇಕು, ಹೋದ ಹುಡುಗರನ್ನು ಆರೋಪಿಗಳ ಪಟ್ಟಿಗೆ ಸೇರಿಸದೆ ಹೆತ್ತವರ ಎದುರು ತಿಳಿಹೇಳಿ ಬಿಡಬೇಕು.

ಹೆತ್ತವರಿಗೂ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಪರೀಕ್ಷೆಯ ಮಾರ್ಕು ಕಡಿಮೆಯಾಗುತ್ತದೆ ಎಂಬ ಭಯದಿಂದ ಮಕ್ಕಳ ಫೋನು ಕಿತ್ತುಕೊಂಡರೆ ಅವರು ಹೇಳುವುದನ್ನು ನಿಲ್ಲಿಸುತ್ತಾರೆ, ಮಾಡುವುದನ್ನು ನಿಲ್ಲಿಸುವುದಿಲ್ಲ. ತೋಳಿನ ಅಂಗಿಯೊಳಗೆ ಗಾಯ ಮುಚ್ಚಿಕೊಂಡ ಹುಡುಗ ಅದಕ್ಕೆ ಸಾಕ್ಷಿ. ದೂರು ಬರೆಯುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ, ಠಾಣೆಗೆ ಹೋಗುವಾಗ ಜೊತೆಗೆ ಹೋಗಿ, ವೀಡಿಯೋ ಹಾಕುವ ಮೊದಲು ಅದರಲ್ಲಿ ಯಾರ ಮುಖವಿದೆ ಎಂದು ಕೇಳಿ. ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 2010ರಿಂದ ನಮ್ಮ ಶಾಲೆಗಳಲ್ಲಿದೆ, ಎನ್ನೆಸ್ಸೆಸ್ ಇದೆ, ವಿಜ್ಞಾನ ಸಂಘಗಳಿವೆ. ಇವುಗಳಲ್ಲಿ ಯಾವುದಾದರೂ ಒಂದು ಈ ಮಕ್ಕಳಿಗೆ ಕಾಯ್ದೆ ಓದಿಸಿ, ಪಶುವೈದ್ಯರನ್ನು ಕರೆಸಿ ಮಾತನಾಡಿಸಿದರೆ ನನ್ನ ಜಗಲಿಯ ಅಗತ್ಯ ಬೀಳುವುದಿಲ್ಲ.

ಮಾನ್ಯರೇ, ಕೋಳಿ ಅಂಕದ ಬಗ್ಗೆ ಆ ಹುಡುಗಿ ಅಂಚೆಯಲ್ಲಿ ಕಳುಹಿಸಿದ ದೂರಿನ ಪ್ರತಿಯನ್ನೂ ನೋಂದಾಯಿತ ಅಂಚೆಯ ರಶೀದಿಯನ್ನೂ ತಮ್ಮ ಕಚೇರಿಗೆ ಪ್ರತ್ಯೇಕವಾಗಿ, ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುತ್ತಿದ್ದೇನೆ. ಅಂಕ ನಡೆದ ದಿನದಿಂದ ಮೂರು ತಿಂಗಳು ಇನ್ನೂ ತುಂಬಿಲ್ಲ. ಆ ಅವಧಿ ಮುಗಿಯುವ ಮೊದಲು ಪ್ರಕರಣ ದಾಖಲಾಗುವಂತೆ ತಾವು ಆದೇಶಿಸಬೇಕು, ಮತ್ತು ಏನು ಕ್ರಮ ಕೈಗೊಳ್ಳಲಾಯಿತೆಂಬ ಉತ್ತರವನ್ನು ನನ್ನ ಹೆಸರಿಗೆ ಕಳುಹಿಸುವ ಬದಲು, ದೂರಿನ ಕೆಳಗೆ ಸಹಿ ಹಾಕಿದವಳ ಹೆಸರಿಗೆ, ಅವಳ ತಂದೆಯ ಮೂಲಕ, ಕನ್ನಡದಲ್ಲಿ ಕಳುಹಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಕ,
ಮಂಜೇಶ್ವರ ತಾಲೂಕು